ಪಾಸ್ಕ ಹಬ್ಬದ ನಗೆ

ಪಾಸ್ಕ ಹಬ್ಬದ ದಿನ, ದಿವ್ಯಬಲಿಪೂಜೆಯ ನಡುವೆ, ಗುರುಗಳ ಪ್ರಬೋಧನೆ ಕೇಳುತ್ತಾ ಇಡೀ ದೇವಾಲಯ ಗೊಳ್ಳೆಂದು ನಗುವ ದೃಶ್ಯವನ್ನು ನಾವು ಕಲ್ಪಿಸಿಕೊಳ್ಳಬಲ್ಲೆವೇ? ಒಬ್ಬಿಬ್ಬರು ಬಾಯಿಗೆ ಸೆರಗು ಹಿಡಿದು ನಗುವುದಲ್ಲ. ಮುದುಕರು, ಮಕ್ಕಳು, ಗಾಯನವೃಂದದವರು, ಪೀಠಸೇವೆಯ ಹುಡುಗರು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು. ನಗಿಸುತ್ತಿರುವವರು ಬೇರಾರೂ ಅಲ್ಲ, ಪೂಜಾವಸ್ತ್ರ ಧರಿಸಿ ಪ್ರಬೋಧನಾ ಪೀಠದಲ್ಲಿ ನಿಂತಿರುವ ಗುರುಗಳೇ.

ಜರ್ಮನಿಯ ದಕ್ಷಿಣ ಭಾಗದಲ್ಲಿರುವ ಬವೇರಿಯ ಮತ್ತು ಅದರ ನೆರೆಯ ಸೀಮೆಗಳ ಕಥೋಲಿಕ ದೇವಾಲಯಗಳಲ್ಲಿ ಹದಿನೈದನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಇದು ನಡೆದುಬಂದ ಪದ್ಧತಿ. ಲತೀನ್ ಭಾಷೆಯಲ್ಲಿ ಇದನ್ನು 'ರೀಸುಸ್ ಪಾಸ್ಕಾಲಿಸ್' ಎಂದು ಕರೆದರು. ಪಾಸ್ಕ ನಗೆ ಎಂದು ಅದರ ಅರ್ಥ. ಪಾಸ್ಕ ಹಬ್ಬದ ಪ್ರಬೋಧನೆಯಲ್ಲಿ ಗುರುಗಳು ಒಂದು ನಗೆಕಥೆ ಹೇಳಲೇಬೇಕು, ಜನ ನಗಲೇಬೇಕು, ಆಮೇಲೆ ಆ ಕಥೆಯಿಂದ ಒಂದು ನೀತಿಯನ್ನೂ ಗುರುಗಳು ತೆಗೆದು ಹೇಳಬೇಕು. ಜನರು ಇದಕ್ಕಾಗಿ ಕಾದು ಕುಳಿತಿರುತ್ತಿದ್ದರು. ಆ ದಿನ ನಗಿಸದ ಗುರುಗಳು ತಮ್ಮ ಕರ್ತವ್ಯದಲ್ಲಿ ಏನೋ ಲೋಪ ಮಾಡಿದರೆಂದೇ ಭಾವಿಸುತ್ತಿದ್ದರು.

ಈ ಪದ್ಧತಿಯ ಹುಟ್ಟು, ಬೆಳವಣಿಗೆ, ಅದರ ವಿರುದ್ಧ ಎದ್ದ ಕೂಗು, ಕೊನೆಗೆ ಅದಕ್ಕೆ ಬಿದ್ದ ನಿಷೇಧ, ಇವೆಲ್ಲವನ್ನೂ ಈ ಲೇಖನದಲ್ಲಿ ನೆನೆಯುವ ಆಸೆ ನಮ್ಮದು. ಇದು ಹಳೆಯ ಕಾಲದ ವಿಚಿತ್ರ ಸಂಗತಿಯೊಂದನ್ನು ಹೇಳಿ ರಂಜಿಸುವುದಕ್ಕಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಶುಭ ಶುಕ್ರವಾರದಂದು ಕಾಲಿಡಲು ಜಾಗವಿರುವುದಿಲ್ಲ. ಶಿಲುಬೆ ಹಾದಿಯಲ್ಲಿ ಅಳದ ತಾಯಂದಿರಿಲ್ಲ. ಪಾಸ್ಕ ಜಾಗರಣೆಯ ರಾತ್ರಿ ಬಂದರೆ ಅದೇ ಜನ ಅಲ್ಲೆಲೂಯ ಹಾಡುವಾಗಲೂ ಶುಕ್ರವಾರದ ಮುಖವನ್ನೇ ಹೊತ್ತು ನಿಂತಿರುತ್ತಾರೆ. ಪ್ರಭುವಿನ ಪಾಡುಗಳಿಗಾಗಿ ಅಳುವುದನ್ನು ನಮ್ಮ ಹಿರಿಯರು ನಮಗೆ ಚೆನ್ನಾಗಿ ಕಲಿಸಿಕೊಟ್ಟಿದ್ದಾರೆ. ಆತನ ಪುನರುತ್ಥಾನಕ್ಕಾಗಿ ನಗುವುದನ್ನು ಕಲಿಸಿದವರು ಯಾರು? ದೇವಾಲಯದಲ್ಲಿ ಮಗು ನಕ್ಕರೆ ಕೆನ್ನೆಗೆ ಬೀಳುವ ಏಟೇ ನಮಗೆ ಸಿಕ್ಕಿದ ಮೊದಲ ಪಾಠ.

ಮೊದಲಿಗೆ, ಅಲ್ಲಿ ಹೇಳುತ್ತಿದ್ದ ಕಥೆ ಎಂಥದು? ಅತಿ ಪ್ರಸಿದ್ಧವಾದದ್ದು ಪಾತಾಳದ ಬಾಗಿಲಿನ ಕಥೆ. ಪ್ರಭು ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟು ಪಾತಾಳಕ್ಕೆ ಇಳಿದು ಬರುತ್ತಿದ್ದಾರೆ ಎಂಬ ಸುದ್ದಿ ಸೈತಾನನಿಗೆ ಮುಟ್ಟುತ್ತದೆ. ಅವನು ಗಾಬರಿಯಿಂದ ಬಾಗಿಲು ಹಾಕಿ ಅಗುಳಿ ಜಡಿಯುತ್ತಾನೆ, ಬೆನ್ನು ಕೊಟ್ಟು ನಿಲ್ಲುತ್ತಾನೆ. ಮರಣವೇ ತನ್ನ ಕೈಯಲ್ಲಿದೆ ಎಂದು ಮೆರೆದವನು ಈಗ ಸಾಲಗಾರನ ಹಾಗೆ ಬಾಗಿಲ ಹಿಂದೆ ಅವಿತು ಕುಳಿತಿದ್ದಾನೆ. ಬಾಗಿಲು ಮಾತ್ರ ನಿಲ್ಲುವುದಿಲ್ಲ. ಆದಾಮ, ಹವ್ವ, ಪಿತೃಗಳು, ಪ್ರವಾದಿಗಳು ಎಲ್ಲರೂ ಸಾಲಾಗಿ ಹೊರಗೆ ನಡೆಯುತ್ತಾರೆ. ಗುರುಗಳು ಸೈತಾನನ ಪೇಚಾಟವನ್ನು ಧ್ವನಿ ಬದಲಿಸಿ, ಕೈ ಬೀಸಿ, ತಿಣುಕಿ ತೋರಿಸುತ್ತಿದ್ದರೆ ಜನ ನಗದಿರಲು ಹೇಗೆ ಸಾಧ್ಯ?

ಈ ಕಥೆಯನ್ನು ಗುರುಗಳು ತಮ್ಮ ತಲೆಯಿಂದ ಕಟ್ಟಿದ್ದಲ್ಲ. ಪ್ರೇಷಿತರ ವಿಶ್ವಾಸ ಸಂಗ್ರಹದಲ್ಲಿ ನಾವು ಇಂದಿಗೂ ಪ್ರಭು ಪಾತಾಳಕ್ಕೆ ಇಳಿದರೆಂದು ಪ್ರಕಟಿಸುತ್ತೇವೆ. ಪಾತಾಳದ ಬಾಗಿಲು ಮುರಿದ ವಿವರ ನಿಕೊದೇಮನ ಹೆಸರಿನಲ್ಲಿರುವ ಹಳೆಯ ಗ್ರಂಥವೊಂದರಲ್ಲಿ ಬರುತ್ತದೆ. ಅದು ಬೈಬಲ್ಲಿಗೆ ಸೇರಿದ್ದಲ್ಲ, ಆದರೂ ಮಧ್ಯಯುಗದ ಜನಕ್ಕೆ ಬಾಯಿಪಾಠವಾಗಿತ್ತು. ಅಲ್ಲಿ ಪಾತಾಳದ ಒಡೆಯನೂ ಸೈತಾನನೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಧರ್ಮಸಭೆಯ ಪಿತಾಮಹರೂ ಇಂಥ ಮಾತುಗಳನ್ನು ಬಿಟ್ಟವರಲ್ಲ. ನಾಲ್ಕನೆಯ ಶತಮಾನದ ನಿಸ್ಸಾದ ಸಂತ ಗ್ರೆಗೋರಿಯವರು, ಗಾಳಕ್ಕೆ ಸಿಕ್ಕಿಸಿದ ಎರೆಯನ್ನು ಮೀನು ನುಂಗುವಂತೆ ಸೈತಾನನು ಕ್ರಿಸ್ತರ ಮನುಷ್ಯತ್ವವನ್ನು ನುಂಗಲು ಹೋಗಿ ಒಳಗಿದ್ದ ದೈವತ್ವದ ಕೊಕ್ಕೆಗೆ ಸಿಕ್ಕಿಬಿದ್ದನೆಂದು ವಿವರಿಸಿದರು. ಸಂತ ಅಗಸ್ಟೀನರು ಇನ್ನೂ ಮನೆಮಾತಿನ ಹೋಲಿಕೆ ಕೊಟ್ಟರು: ಶಿಲುಬೆ ಒಂದು ಇಲಿಬೋನು, ಸೈತಾನನೇ ಇಲಿ. ಇಷ್ಟು ದೊಡ್ಡ ದೈವಶಾಸ್ತ್ರಜ್ಞರು ವಿಮೋಚನೆಯ ರಹಸ್ಯವನ್ನು ಇಲಿಬೋನಿನಿಂದ ವಿವರಿಸಿದರೆಂಬುದು ನಮಗೆ ತುಂಬ ಹಿಡಿಸಿದ ಸಂಗತಿ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಮರಣವನ್ನು ಎದುರಿಗೆ ನಿಲ್ಲಿಸಿ, ನಿನ್ನ ಕೊಂಡಿ ಎಲ್ಲಿ ಹೋಯಿತೆಂದು ಕೆಣಕುತ್ತಾರಲ್ಲ (1 ಕೊರಿಂಥ 15:55), ಬವೇರಿಯದ ಹಳ್ಳಿಗಾಡಿನ ಗುರುಗಳ ಹಾಸ್ಯಕ್ಕೆ ಅಲ್ಲಿಯೇ ಬೇರಿದೆ.

ಆ ಕಾಲದ ತಪಸ್ಸುಕಾಲವನ್ನೂ ಮರೆಯಬಾರದು. ನಲವತ್ತು ದಿನ ಮಾಂಸವಿಲ್ಲ, ಬಹಳ ಕಡೆ ಹಾಲು ಮೊಟ್ಟೆಗಳೂ ಇಲ್ಲ, ಮದುವೆಗಳಿಲ್ಲ, ಕುಣಿತವಿಲ್ಲ. ಅದರ ಮೇಲೆ ಚಳಿಗಾಲದ ಕೊನೆಯ ದಿನಗಳು, ಕಣಜ ಬರಿದಾಗುವ ಹೊತ್ತು. ಹಾಗೆ ಬಿಗಿದ ಹಗ್ಗ ಪಾಸ್ಕದ ಬೆಳಗ್ಗೆ ಒಮ್ಮೆಲೇ ಸಡಿಲಾದಾಗ ಬಂದ ನಗೆ ಅದು. ಉಪವಾಸ ಮಾಡದವನಿಗೆ ಹಬ್ಬದ ಊಟದ ರುಚಿ ಪೂರ್ತಿ ತಿಳಿಯದು. ಈ ನಗೆಯ ವಿಷಯದಲ್ಲೂ ಹಾಗೆಯೇ ಇರಬಹುದು.

ಕಥೆಗಳೆಲ್ಲ ಪಾತಾಳದ ಕುರಿತೇ ಇರುತ್ತಿರಲಿಲ್ಲ. ಆ ಕಾಲದ ಜರ್ಮನ್ ಹಾಸ್ಯಕಥೆಗಳಲ್ಲಿ ಹೀಗೊಂದು ಬರುತ್ತದೆ. ಪಾಸ್ಕ ಹಬ್ಬದ ದಿನ ಗುರುಗಳು ಗಂಡಸರನ್ನು ಕುರಿತು, ನಿಮ್ಮಲ್ಲಿ ಯಾರು ಮನೆಯಲ್ಲಿ ಯಜಮಾನನೋ ಅವನು ಪುನರುತ್ಥಾನದ ಹಾಡನ್ನು ಎತ್ತಲಿ ಎನ್ನುತ್ತಾರೆ. ದೇವಾಲಯ ಮೌನ. ಒಬ್ಬನೂ ಬಾಯಿ ತೆರೆಯುವುದಿಲ್ಲ. ಹಾಗಾದರೆ ಹೆಂಗಸರಲ್ಲಿ ಯಾರು ಯಜಮಾನಿಯೋ ಅವರು ಹಾಡಲಿ ಎನ್ನುತ್ತಲೇ ಎಲ್ಲ ಹೆಂಗಸರೂ ಒಂದೇ ಕಂಠದಿಂದ ಹಾಡನ್ನು ಎತ್ತಿಬಿಡುತ್ತಾರೆ. ನಮ್ಮ ಊರುಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರೆ ಫಲಿತಾಂಶ ಬೇರೆಯಾಗದು ಎಂದು ನಮಗನಿಸುತ್ತದೆ.

ದೇವಾಲಯದ ಹೊರಗೆ ಆಡುತ್ತಿದ್ದ ಪಾಸ್ಕ ನಾಟಕಗಳಲ್ಲೂ ಇದೇ ಧಾಟಿ. 1391ರ ಹಸ್ತಪ್ರತಿಯಲ್ಲಿ ಉಳಿದುಬಂದಿರುವ ಇನ್ಸ್‌ಬ್ರುಕ್ ಪಾಸ್ಕ ನಾಟಕದಲ್ಲಿ, ಸಮಾಧಿಗೆ ಹೊರಟ ಮೂವರು ಮರಿಯರಿಗೆ ಸುಗಂಧ ತೈಲ ಮಾರುವ ವ್ಯಾಪಾರಿಯೂ, ರೂಬಿನ್ ಎಂಬ ಅವನ ಪೋಕರಿ ಆಳೂ, ಜಗಳಗಂಟಿ ಸಂಸಾರವೂ ರಂಗದ ಬಹುಪಾಲನ್ನು ಆಕ್ರಮಿಸಿಕೊಂಡಿವೆ. ಶುಭಸಂದೇಶದಲ್ಲಿ ಈ ವ್ಯಾಪಾರಿಯ ಹೆಸರೂ ಇಲ್ಲ. ತೈಲ ಕೊಂಡರೆಂದ ಮೇಲೆ ಮಾರಿದವನೊಬ್ಬ ಇರಲೇಬೇಕಲ್ಲ ಎಂದು ಜನ ಅವನನ್ನು ಕಂಡುಕೊಂಡರು.

ಇಷ್ಟಾದರೂ ಧರ್ಮಸಭೆಯೊಳಗೆ ನಗೆಯ ಬಗ್ಗೆ ಅನುಮಾನ ಮೊದಲಿನಿಂದಲೂ ಇತ್ತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಮತ್ತಾಯನ ಶುಭಸಂದೇಶದ ಮೇಲೆ ಪ್ರಬೋಧಿಸಿದ ಸಂತ ಜಾನ್ ಕ್ರಿಸೋಸ್ತೋಮ್‌ರವರು, ಪ್ರಭು ಅತ್ತಿದ್ದನ್ನು ನಾವು ಓದುತ್ತೇವೆ, ನಕ್ಕಿದ್ದನ್ನು ಎಲ್ಲಿಯೂ ಓದುವುದಿಲ್ಲ ಎಂದು ಎತ್ತಿ ತೋರಿಸಿದರು. ಜೆರುಸಲೇಮನ್ನು ಕಂಡು ಅತ್ತರು, ಲಾಜರನ ಸಮಾಧಿಯ ಬಳಿ ಅತ್ತರು. ನಗೆ? ಮುಗುಳ್ನಗೆಯೂ ಇಲ್ಲ. ಈ ಮಾತು ಮುಂದಿನ ಸಾವಿರ ವರ್ಷ ಧರ್ಮಸಭೆಯಲ್ಲಿ ಮಾರ್ದನಿಗೊಂಡಿತು. ಆದರೆ ಕ್ರಿಸೋಸ್ತೋಮ್‌ರವರು ಯಾರಿಗೆ ಈ ಮಾತು ಹೇಳುತ್ತಿದ್ದರು ಎಂಬುದನ್ನು ನೋಡಬೇಕು. ಅಂತಿಯೋಕ್ಯದ ಕ್ರೈಸ್ತರು ಬೆಳಗ್ಗೆ ದೇವಾಲಯ, ಸಂಜೆ ನಾಟಕಶಾಲೆ ಎಂದು ಓಡಾಡುತ್ತಿದ್ದವರು. ಅಲ್ಲಿನ ಪ್ರದರ್ಶನಗಳು ಹೆಣ್ಣಿನ ಮಾನವನ್ನೂ ಬಡವನ ಹಸಿವನ್ನೂ ನಗೆಗೆ ಸರಕು ಮಾಡಿದಂಥವು. ನಗುವೇ ಕೂಡದೆಂದು ತಾವು ಹೇಳುತ್ತಿಲ್ಲ, ಹದ ಮೀರಿದ್ದನ್ನು ಖಂಡಿಸುತ್ತಿದ್ದೇವೆ ಎಂದು ಅದೇ ಪ್ರಬೋಧನೆಯಲ್ಲಿ ಅವರೇ ಸ್ಪಷ್ಟಪಡಿಸಿದ್ದಾರೆ. ಜನ ಮೊದಲಿನ ಮಾತನ್ನು ನೆನಪಿಟ್ಟುಕೊಂಡರು, ಈ ಮಾತನ್ನು ಮರೆತರು.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್‌ರವರು ತಮ್ಮ ಮಠವಾಸಿಗಳಿಗೆ ಬರೆದ ನಿಯಮಾವಳಿ ಇನ್ನೂ ಬಿಗಿ. ನಗೆ ಬರಿಸುವ ಹುಡುಗಾಟದ ಮಾತಿಗೆ ಮಠದೊಳಗೆ ಎಂದೆಂದಿಗೂ ಎಡೆಯಿಲ್ಲ, ಬೇಗನೆ ನಗದಿರುವುದು ವಿನಯದ ಏಣಿಯಲ್ಲಿ ಒಂದು ಮೆಟ್ಟಿಲು. ಹನ್ನೆರಡನೆಯ ಶತಮಾನದ ಪ್ಯಾರಿಸ್ಸಿನ ಪಂಡಿತರು ಕ್ರಿಸ್ತರು ನಕ್ಕರೇ ಎಂಬುದನ್ನೇ ವಾದದ ವಿಷಯವನ್ನಾಗಿ ಎತ್ತಿಕೊಂಡರು. ನಗುವ ಶಕ್ತಿ ಮಾನವ ಸ್ವಭಾವದ ಗುಣ, ಕ್ರಿಸ್ತರು ಪೂರ್ಣ ಮಾನವರು, ಆದ್ದರಿಂದ ಅವರು ನಗಬಲ್ಲವರಾಗಿದ್ದರು ಎಂದು ಪೀಟರ್ ಕ್ಯಾಂಟರ್ ಎಂಬ ಅಧ್ಯಾಪಕರು ಉತ್ತರಿಸಿದರು. ಈ ಹಳೆಯ ವಾದ ಉಂಬರ್ತೋ ಎಕೋ ಅವರ 1980ರ ಕಾದಂಬರಿ 'ದಿ ನೇಮ್ ಆಫ್ ದ ರೋಸ್' ಮೂಲಕ ಜಗತ್ತಿಗೆಲ್ಲ ಪರಿಚಿತವಾಯಿತು. ಅಲ್ಲಿ ನಗೆಯನ್ನು ದ್ವೇಷಿಸುವ ಸನ್ಯಾಸಿ ಕೊಲೆಗೂ ಹೇಸುವುದಿಲ್ಲ. ಕಾದಂಬರಿ ಓದಿದ ಅನೇಕರು ಮಧ್ಯಯುಗದ ಧರ್ಮಸಭೆ ಎಂದರೆ ಆ ಮುದುಕ ಸನ್ಯಾಸಿಯೇ ಎಂದು ತಿಳಿದಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ.

ಏಕೆಂದರೆ ಅದೇ ಮಧ್ಯಯುಗದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ಸಹೋದರರನ್ನು ದೇವರ ವಿದೂಷಕರು ಎಂದು ಕರೆದರು. ಇಂಗ್ಲೆಂಡಿನ ಲಿಂಕನ್ ಧರ್ಮಪ್ರಾಂತ್ಯದ ಬಿಷಪ್ ರಾಬರ್ಟ್ ಗ್ರೋಸ್ಟೆಸ್ಟ್ ದೊಡ್ಡ ವಿದ್ವಾಂಸರು. ಮನುಷ್ಯನ ಆರೋಗ್ಯಕ್ಕೆ ಊಟ, ನಿದ್ದೆ, ಹಾಸ್ಯ ಈ ಮೂರೂ ಬೇಕೆಂದು ಅವರು ಹೇಳಿದ್ದನ್ನು ಹದಿಮೂರನೆಯ ಶತಮಾನದ ಫ್ರಾನ್ಸಿಸ್ಕನ್ ಬರಹಗಾರರೊಬ್ಬರು ದಾಖಲಿಸಿದ್ದಾರೆ. ಸದಾ ಮುಖ ಬಾಡಿಸಿಕೊಂಡಿದ್ದ ಒಬ್ಬ ಸಹೋದರನಿಗೆ ಒಂದು ಪಾತ್ರೆ ತುಂಬ ಒಳ್ಳೆಯ ದ್ರಾಕ್ಷಾರಸ ಕುಡಿಯಬೇಕೆಂದು ಅವರು ಪ್ರಾಯಶ್ಚಿತ್ತ ವಿಧಿಸಿದರಂತೆ! ಸಂತ ಥಾಮಸ್ ಅಕ್ವಿನಾಸರಂತೂ ತಮ್ಮ ಮಹಾಗ್ರಂಥದಲ್ಲಿ ಒಂದು ಪ್ರಶ್ನೆಯ ಬಹುಪಾಲನ್ನು ವಿನೋದಕ್ಕೇ ಮೀಸಲಿಟ್ಟರು. ಅಲ್ಲಿ ಅವರು ಸಂತ ಯೊವಾನ್ನರ ಬಗ್ಗೆ ಬಹಳ ಹಿಂದಿನಿಂದ ಬಂದ ಕಥೆಯೊಂದನ್ನು ನೆನೆಯುತ್ತಾರೆ. ಪ್ರೇಷಿತರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಹುಬ್ಬೇರಿಸಿದರು. ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಯೊವಾನ್ನರು ಒಂದೊಂದೇ ಬಾಣ ಬಿಡಲು ಹೇಳಿ, ಹೀಗೆ ನಿಲ್ಲಿಸದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದ ಅವನು. ಮನಸ್ಸೂ ಹಾಗೆಯೇ ಎಂದರು ಪ್ರೇಷಿತರು. ಹದ ಮೀರಿದ ವಿನೋದ ಪಾಪವಾಗುವಂತೆ, ತಾನೂ ನಗದೆ ಇತರರ ನಗುವಿಗೂ ಅಡ್ಡ ಬರುವ ಸಿಡುಕು ಸ್ವಭಾವವೂ ದೋಷವೇ ಎಂದು ಅಕ್ವಿನಾಸರು ತೀರ್ಮಾನಿಸಿದರು. ಅದನ್ನು ಓದಿದರೆ ಪಾಪನಿವೇದನೆಯಲ್ಲಿ ನಾವು ಎಂದೂ ಹೇಳದ ಪಾಪವೊಂದು ನೆನಪಾಗುತ್ತದೆ.

ಪ್ರಭುವಿನ ವಿಷಯಕ್ಕೆ ಬಂದರೆ, ನಕ್ಕರೆಂದು ಬರೆದಿಲ್ಲವೆಂಬುದು ನಿಜ. ಆದರೆ ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವ ಪಂಡಿತರನ್ನೂ (ಮತ್ತಾಯ 23:24), ತನ್ನ ಕಣ್ಣಲ್ಲಿ ತೊಲೆ ಇಟ್ಟುಕೊಂಡು ನೆರೆಯವನ ಕಣ್ಣಿನ ಧೂಳು ತೆಗೆಯಲು ಹೊರಟವನನ್ನೂ (ಮತ್ತಾಯ 7:3-5) ಚಿತ್ರಿಸಿದಾಗ ಗಲಿಲೇಯದ ರೈತರೂ ಬೆಸ್ತರೂ ನಗದೆ ಕುಳಿತಿದ್ದರೆಂದು ನಾವು ನಂಬಲಾರೆವು. ಶುಭಸಂದೇಶಗಳಲ್ಲಿ ಬೇರೊಂದು ನಗೆಯೂ ಇದೆ. ಯಾಯಿರನ ಮಗಳು ಸತ್ತಿಲ್ಲ, ನಿದ್ರಿಸುತ್ತಿದ್ದಾಳೆ ಎಂದಾಗ ಜನ ಯೇಸುವನ್ನು ನೋಡಿ ನಕ್ಕರು (ಮಾರ್ಕ 5:40). ಸೈನಿಕರು ಮುಳ್ಳಿನ ಕಿರೀಟ ತೊಡಿಸಿ ನಕ್ಕರು. ಅಂದರೆ ಪ್ರಭು ನಗೆಯ ಗುರಿಯಾಗಿ ನಿಂತವರು. ಪಾಸ್ಕದ ನಗೆಯನ್ನು ತೂಗುವಾಗ ಇದನ್ನು ತಕ್ಕಡಿಯಿಂದ ಕೆಳಗಿಡಲಾಗದು.

ಈಗ ಮುಖ್ಯ ವಿಷಯಕ್ಕೆ ಬರೋಣ. 1518ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಫ್ರೋಬೆನ್ ಎಂಬ ಪ್ರಸಿದ್ಧ ಮುದ್ರಕರು ಒಂದು ಚಿಕ್ಕ ಪುಸ್ತಕವನ್ನು ಹೊರತಂದರು. ಪಾಸ್ಕ ನಗೆಯ ಕುರಿತು ಒಬ್ಬ ಗುರು ಇನ್ನೊಬ್ಬ ಗುರುವಿಗೆ ಬರೆದ ಪತ್ರ ಅದು. ಬರೆದವರು ಯೊಹಾನ್ನೆಸ್ ಎಕೊಲಂಪಾಡಿಯುಸ್. 1482ರಲ್ಲಿ ವೈನ್ಸ್‌ಬರ್ಗ್ ಎಂಬ ಊರಿನಲ್ಲಿ ಹುಟ್ಟಿ ಅಲ್ಲಿಯೇ ಪ್ರಬೋಧಕರಾಗಿದ್ದವರು, ಗ್ರೀಕ್ ಮತ್ತು ಹೀಬ್ರೂ ಬಲ್ಲವರು. 1516ರಲ್ಲಿ ಇರಾಸ್ಮಸ್‌ರವರು ಇದೇ ಫ್ರೋಬೆನ್ ಮುದ್ರಣಾಲಯದಿಂದ ಗ್ರೀಕ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದಾಗ ನೆರವಾದವರಲ್ಲಿ ಇವರೂ ಒಬ್ಬರು. ಪತ್ರ ಪಡೆದವರು ಬಾಸೆಲ್ ಪ್ರಧಾನಾಲಯದ ಪ್ರಬೋಧಕ ವುಲ್ಫ್‌ಗಾಂಗ್ ಕಾಪಿಟೊ. ಎಕೊಲಂಪಾಡಿಯುಸ್‌ರ ಪ್ರಬೋಧನೆ ತೀರ ಗಂಭೀರ, ಪಾಸ್ಕದಂದೂ ಜನರನ್ನು ನಗಿಸುವುದಿಲ್ಲ ಎಂಬ ದೂರು ಎದ್ದಿತ್ತು. ಆ ದೂರಿಗೆ ಉತ್ತರವೇ ಈ ಪತ್ರ.

ಉತ್ತರದಲ್ಲಿ ಅವರು ಕೆಲವು ಪ್ರಬೋಧಕರ ಚರ್ಯೆಗಳನ್ನು ಒಂದೊಂದಾಗಿ ಬಿಚ್ಚಿಡುತ್ತಾರೆ. ಒಬ್ಬರು ಕೋಗಿಲೆಯಂತೆ ಕೂಗಿದರು. ಇನ್ನೊಬ್ಬರು ದನದ ಸಗಣಿಯ ಮೇಲೆ ಕಾವು ಕೊಡುವ ಹಕ್ಕಿಯಂತೆ ಮಲಗಿ, ಹತ್ತಿರ ಬಂದವರನ್ನು ಬಾತಿನಂತೆ ಬುಸುಗುಟ್ಟಿ ಓಡಿಸಿದರು. ಮತ್ತೊಬ್ಬರು ಸಾಮಾನ್ಯ ವಿಶ್ವಾಸಿಯೊಬ್ಬನಿಗೆ ಸನ್ಯಾಸಿಯ ಕುಲಾವಿ ತೊಡಿಸಿ, ನೀನೀಗ ಗುರುವಾದೆ ಎಂದು ನಂಬಿಸಿ ಬಲಿಪೀಠದ ಬಳಿಗೆ ಕರೆದೊಯ್ದರು. ಇನ್ನೊಬ್ಬರು ಪ್ರೇಷಿತ ಪೇತ್ರರು ಛತ್ರದವರಿಗೆ ಊಟದ ಹಣ ಕೊಡದೆ ಹೇಗೆ ಟೋಪಿ ಹಾಕಿದರೆಂದು ಕಥೆ ಹೇಳಿದರು. ಇನ್ನೂ ಅಶ್ಲೀಲವಾದವೂ ಇದ್ದವೆಂದು ಪತ್ರ ಸೂಚಿಸುತ್ತದೆ. ಅವು ಇಲ್ಲಿ ಬೇಡ.

ಈ ಪಟ್ಟಿಯನ್ನು ಓದಿದಾಗ ನಮಗೂ ನಗೆ ಬರುತ್ತದೆ ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಸಗಣಿಯ ಮೇಲೆ ಮಲಗಿದ ಗುರುಗಳನ್ನು ಕಲ್ಪಿಸಿಕೊಂಡು ನಗದವರಾರು? ಆದರೆ ಪಾತಾಳದ ಬಾಗಿಲಿನ ಕಥೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಏನೋ ಜಾರಿಹೋಗಿರುವುದು ಕಾಣುತ್ತದೆ. ಅಲ್ಲಿ ನಗೆಗೆ ಈಡಾದವನು ಸೈತಾನ. ಮರಣಕ್ಕೆ ಹೆದರಿ ಬದುಕಿದ್ದ ಜನ, ಪ್ರತಿ ಮನೆಯಲ್ಲೂ ಮಗುವನ್ನು ಮಣ್ಣು ಮಾಡಿದ್ದ ಜನ, ಪ್ಲೇಗಿನ ಮಾರಿಯನ್ನು ಕಂಡಿದ್ದ ಜನ, ವರ್ಷಕ್ಕೊಂದು ದಿನ ಆ ಮರಣದ ಮುಖಕ್ಕೇ ನಗುತ್ತಿದ್ದರು. ಕುಲಾವಿ ತೊಡಿಸಿದ ಪ್ರಸಂಗದಲ್ಲಿ ನಗೆಗೆ ಈಡಾದವನು ಯಾರು? ಓದುಬರಹ ಬಾರದೆ, ಗುರುಗಳ ಮಾತನ್ನು ನಂಬಿ, ಅವರ ಕೈ ಹಿಡಿದು ಬಲಿಪೀಠದವರೆಗೆ ನಡೆದುಹೋದ ಒಬ್ಬ ಸಾಧು ವಿಶ್ವಾಸಿ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ತನ್ನ ಊರಿನವರೆಲ್ಲ ನಗುತ್ತಿದ್ದಾಗ ಅವನಿಗೆ ಏನನಿಸಿತೆಂದು ಯಾರೂ ಬರೆದಿಡಲಿಲ್ಲ. ಆ ದಿನ ದೇವಾಲಯದಲ್ಲಿ ನಗೆಯ ಗುರಿಯಾಗಿ ನಿಂತವನು ಅವನು. ಪ್ರಭುವೂ ಸೈನಿಕರ ನಡುವೆ ಹಾಗೆಯೇ ನಿಂತಿದ್ದರು, ಮೈಮೇಲೆ ಅವರಿವರು ತೊಡಿಸಿದ ಬಟ್ಟೆಯಲ್ಲಿ. ಎಕೊಲಂಪಾಡಿಯುಸ್‌ರ ಸಿಟ್ಟು ನ್ಯಾಯವಾದದ್ದೆಂದು ನಾವು ಹೇಳುವುದು ಇದಕ್ಕಾಗಿ, ಸಗಣಿಯ ಕಾರಣಕ್ಕಲ್ಲ.

ಆದರೂ ಅವರ ತೀರ್ಪನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ನಗೆಯನ್ನೇ ಪ್ರಬೋಧನಾ ಪೀಠದಿಂದ ಇಳಿಸಿಬಿಟ್ಟರೆ ಸೈತಾನನ ಬಾಗಿಲಿನ ಕಥೆಯೂ ಹೊರಟುಹೋಗುತ್ತದೆ. ವಿದ್ವಾಂಸರಿಗೆ ಅದರ ಕೊರತೆ ಕಾಣದಿರಬಹುದು, ಅವರಿಗೆ ಗ್ರೀಕ್ ಶುಭಸಂದೇಶವಿತ್ತು. ಹಳ್ಳಿಯ ಕುರುಬನಿಗೆ ಇದ್ದದ್ದು ಆ ಕಥೆಯೊಂದೇ. ಎಕೊಲಂಪಾಡಿಯುಸ್ ಮುಂದೆ 1520ರಲ್ಲಿ ಮಠ ಸೇರಿ, 1522ರಲ್ಲಿ ಅದನ್ನು ಬಿಟ್ಟು, ಬಾಸೆಲ್ ನಗರದ ಪ್ರೊಟೆಸ್ಟಂಟ್ ಸುಧಾರಣೆಯ ನಾಯಕರಾದರು. ಕಾಪಿಟೊ ಸ್ಟ್ರಾಸ್‌ಬರ್ಗಿನಲ್ಲಿ ಅದೇ ಹಾದಿ ಹಿಡಿದರು. ಆದ್ದರಿಂದ ಈ ಪತ್ರ ಧರ್ಮಸಭೆಯ ವೈರಿಗಳದ್ದೆಂದು ತಳ್ಳಿಹಾಕುವವರಿದ್ದಾರೆ. ಹಾಗೆ ಮಾಡುವುದು ಸರಿಯಲ್ಲ. ಪತ್ರ ಬರೆದಾಗ ಇಬ್ಬರೂ ಕಥೋಲಿಕ ಗುರುಗಳು. ಕೊನೆಯವರೆಗೂ ಕಥೋಲಿಕರಾಗಿಯೇ ಉಳಿದ ಇರಾಸ್ಮಸ್‌ರವರೂ 1535ರಲ್ಲಿ ಪ್ರಬೋಧನೆಯ ಕುರಿತು ಬರೆದ ದೊಡ್ಡ ಗ್ರಂಥದಲ್ಲಿ ಈ ಪಾಸ್ಕ ಕಥೆಗಳನ್ನು ಖಂಡಿಸಿದರು. ಅದಕ್ಕೂ ಮೊದಲು, 1435ರಲ್ಲಿ, ಅದೇ ಬಾಸೆಲ್ ನಗರದಲ್ಲಿ ಸೇರಿದ್ದ ಮಹಾಸಭೆ ದೇವಾಲಯಗಳಲ್ಲಿ ನಡೆಯುತ್ತಿದ್ದ ವೇಷಗಳ ಮೆರವಣಿಗೆ, ಮರುಳರ ಹಬ್ಬ ಮುಂತಾದವನ್ನು ನಿಷೇಧಿಸಿತ್ತು.

ತ್ರೆಂತ್ ಮಹಾಸಭೆಯ (1545-1563) ನಂತರ ಪ್ರಬೋಧನೆಯ ಶಿಸ್ತು ಬಿಗಿಯಾಯಿತು. ಜಗದ್ಗುರು ಹತ್ತನೇ ಕ್ಲೆಮೆಂಟ್‌ರವರು (1670-1676) ದೇವರ ವಾಕ್ಯಕ್ಕೆ ಅಪಚಾರವಾಗುತ್ತಿದೆಯೆಂದು ಪಾಸ್ಕ ನಗೆಯನ್ನು ನಿಷೇಧಿಸಿದರು. ನಿಷೇಧವನ್ನು ಬವೇರಿಯದವರು ಎಷ್ಟು ಪಾಲಿಸಿದರು? ಆಂಡ್ರೆಯಾಸ್ ಸ್ಟ್ರೋಬ್ಲ್ ಎಂಬ ಬವೇರಿಯದ ಗುರುಗಳು ಪ್ರಬೋಧಕರ ಉಪಯೋಗಕ್ಕೆಂದೇ ಪಾಸ್ಕ ಕಥೆಗಳ ದಪ್ಪ ಪುಸ್ತಕವೊಂದನ್ನು 1694ರಲ್ಲಿ ಸಾಲ್ಸ್‌ಬರ್ಗಿನಲ್ಲಿ ಅಚ್ಚು ಹಾಕಿಸಿದರು. ಹೊಸದಾಗಿ ಬಣ್ಣ ಹಚ್ಚಿದ ಪಾಸ್ಕದ ಮೊಟ್ಟೆಗಳು ಎಂಬರ್ಥದ ಹೆಸರು ಅದಕ್ಕೆ. ಕೊನೆಗೆ ಹದಿನೆಂಟನೆಯ ಶತಮಾನದಲ್ಲಿ ಬವೇರಿಯದ ದೊರೆ ಮೂರನೇ ಮ್ಯಾಕ್ಸಿಮಿಲಿಯನ್ ಮತ್ತು ಅಲ್ಲಿನ ಬಿಷಪರು ಸೇರಿ ಮತ್ತೆ ನಿಷೇಧ ಹೇರಬೇಕಾಯಿತು. ಜಗದ್ಗುರುಗಳ ಆಜ್ಞೆ ಸಾಲದೆ ದೊರೆಯ ಆಜ್ಞೆಯೂ ಬೇಕಾಯಿತೆಂದರೆ ಜನ ಆ ನಗೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆಂದು ಊಹಿಸಬಹುದು.

ಪ್ರಬೋಧನಾ ಪೀಠದಿಂದ ಇಳಿದ ನಗೆ ಸಂತರ ಬದುಕಿನಲ್ಲಿ ಉಳಿದುಕೊಂಡಿತ್ತು. ಕಾರ್ಕಳದ ಅತ್ತೂರಿಗೆ ಜನವರಿಯ ಹಬ್ಬಕ್ಕೆ ಹೋಗಿ ಮೇಣದ ಬತ್ತಿ ಹಚ್ಚಿ ಬರುವ ನಮ್ಮಲ್ಲಿ ಎಷ್ಟೋ ಮಂದಿಗೆ ಸಂತ ಲಾರೆನ್ಸರ ಕೈಯಲ್ಲಿರುವ ಕಬ್ಬಿಣದ ಜಾಲರಿ ಗೊತ್ತು. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದ ಈ ಡೀಕನ್, ಧರ್ಮಸಭೆಯ ಸಂಪತ್ತನ್ನು ಒಪ್ಪಿಸು ಎಂದಾಗ ನಗರದ ಬಡವರನ್ನೂ ಕುಂಟರನ್ನೂ ಕರೆತಂದು ನಿಲ್ಲಿಸಿದರು. ಜಾಲರಿಯ ಮೇಲೆ ಸುಡುತ್ತಿದ್ದಾಗ ಒಂದು ಮಗ್ಗುಲು ಬೆಂದಿದೆ, ಇನ್ನೊಂದಕ್ಕೆ ತಿರುಗಿಸಿ ಎಂದರೆಂದು ಪರಂಪರೆ. ಇತಿಹಾಸಕಾರರು ಜಾಲರಿಯ ವಿವರವನ್ನು ಪ್ರಶ್ನಿಸುತ್ತಾರೆ. ಆದರೆ ಸಂತ ಅಂಬ್ರೋಸರ ಕಾಲದಿಂದ ಕ್ರೈಸ್ತರು ಈ ಹಾಸ್ಯವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರಲ್ಲ, ಆ ಸಂಗತಿ ಮುಖ್ಯ. ಅದು ಸೈತಾನನ ಬಾಗಿಲಿನ ಕಥೆಯ ಜಾತಿಗೇ ಸೇರಿದ್ದು.

ರೋಮಿನ ಸಂತ ಫಿಲಿಪ್ ನೇರಿಯವರು (1515-1595) ಬೇರೆ ಬಗೆ. ಜನ ತಮ್ಮನ್ನು ಬದುಕಿರುವಾಗಲೇ ಸಂತನೆಂದು ಪೂಜಿಸತೊಡಗಿದಾಗ ಅವರು ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದರು. ಪೋಲೆಂಡಿನ ಗಣ್ಯರು ಭಕ್ತಿಯಿಂದ ದರ್ಶನಕ್ಕೆ ಬಂದರೆ ಅವರೆದುರಿಗೇ ನಗೆಪುಸ್ತಕವನ್ನು ಗಟ್ಟಿಯಾಗಿ ಓದಿಸಿದರು. ತಮ್ಮ ಶಿಷ್ಯ, ಮುಂದೆ ಕಾರ್ಡಿನಲ್ ಆದ ಇತಿಹಾಸಕಾರ ಬರೋನಿಯುಸ್‌ರಿಂದ ಮದುವೆ ಊಟದಲ್ಲಿ ಪಶ್ಚಾತ್ತಾಪದ ಕೀರ್ತನೆ ಹಾಡಿಸಿದರು. ಈ ಹಾಸ್ಯವೆಲ್ಲ ತನ್ನನ್ನೇ, ತನ್ನವರ ಅಹಂಕಾರವನ್ನೇ ಗುರಿಯಾಗಿಸಿದ್ದು. ಕುಲಾವಿ ತೊಡಿಸಿದ ಪ್ರಬೋಧಕರಿಗೂ ಇವರಿಗೂ ಇರುವ ಅಂತರ ಇಲ್ಲಿದೆ. ಅಂದ ಹಾಗೆ, 1681ರಿಂದ ಕೆಲವು ವರ್ಷ ನಮ್ಮ ಕೆನರಾ ಕರಾವಳಿಯ ಕ್ರೈಸ್ತರ ನಡುವೆ ದುಡಿದ ಗೋವೆಯ ಸಂತ ಜೋಸೆಫ್ ವಾಜ್‌ರವರು ಮುಂದೆ ಗೋವೆಯಲ್ಲಿ ಕಟ್ಟಿ ಬೆಳೆಸಿದ ಗುರುಗಳ ಸಭೆ ಫಿಲಿಪ್ ನೇರಿಯವರ ನಿಯಮವನ್ನೇ ಅನುಸರಿಸಿತು. ಈ ನಗುವ ಸಂತರು ನಮಗೆ ತೀರ ಪರಕೀಯರಲ್ಲ.

1535ರ ಜುಲೈ 6ರಂದು ಲಂಡನ್ನಿನಲ್ಲಿ ಸಂತ ಥಾಮಸ್ ಮೋರ್‌ರವರು ಗಲ್ಲುಕಟ್ಟೆಯ ಅಲ್ಲಾಡುವ ಮೆಟ್ಟಿಲೇರುವಾಗ, ಹತ್ತಲು ಕೈ ಕೊಡಿ, ಇಳಿಯುವುದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದರು. ಅವರ ಅಳಿಯ ಬರೆದ ಜೀವನಚರಿತ್ರೆಯಲ್ಲಿ ಇದು ದಾಖಲಾಗಿದೆ. ದೇಹ ಇನ್ನು ತಾನಾಗಿ ಇಳಿಯುವುದಿಲ್ಲವೆಂದು ಗೊತ್ತಿದ್ದವರ ಮಾತು ಅದು.

ಬವೇರಿಯದಲ್ಲೇ ಹುಟ್ಟಿ, ಮ್ಯೂನಿಕ್‌ನ ಮಹಾಧರ್ಮಾಧ್ಯಕ್ಷರಾಗಿ, ಮುಂದೆ ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಆದ ಯೋಸೆಫ್ ರಾಟ್ಸಿಂಗರ್ ತಮ್ಮ ಪಾಸ್ಕ ಚಿಂತನೆಯೊಂದರಲ್ಲಿ ತಮ್ಮ ನಾಡಿನ ಈ ಹಳೆಯ ಪದ್ಧತಿಯನ್ನು ಪ್ರೀತಿಯಿಂದ ನೆನೆದಿದ್ದಾರೆ. ಅದು ಸ್ವಲ್ಪ ಮೇಲ್ಮೈಯ ಸಂತೋಷವಿರಬಹುದು, ಆದರೂ ನಗೆ ಪೂಜಾವಿಧಿಯ ಒಂದು ಸಂಕೇತವಾದುದರಲ್ಲಿ ಚೆಲುವಿದೆ ಎಂಬ ಭಾವ ಅವರದು. ಅವರು ಈ ನಗೆಯನ್ನು ಇಸಾಕನೊಂದಿಗೆ ಜೋಡಿಸುತ್ತಾರೆ. ಇಸಾಕ ಎಂಬ ಹೆಸರಿನಲ್ಲೇ ನಗು ಇದೆ. ಮುಪ್ಪಿನಲ್ಲಿ ಮಗುವಾಗುತ್ತದೆ ಎಂದಾಗ ಅಬ್ರಹಾಮ ನಕ್ಕ (ಆದಿ 17:17). ಗುಡಾರದ ಬಾಗಿಲ ಹಿಂದೆ ಸಾರಾ ನಕ್ಕಳು, ಆಮೇಲೆ ಹೆದರಿ ನಗಲಿಲ್ಲ ಎಂದಳು (ಆದಿ 18:12-15). ಮಗು ಹುಟ್ಟಿದ ಮೇಲೆ, ದೇವರು ತನ್ನನ್ನು ನಗುವಂತೆ ಮಾಡಿದರೆಂದು ಬಹಿರಂಗವಾಗಿ ಹೇಳಿದಳು (ಆದಿ 21:6). ಆ ಮಗು ಬೆಳೆದು ಮೊರೀಯ ಬೆಟ್ಟದಲ್ಲಿ ಕಟ್ಟಿಗೆಯ ಮೇಲೆ ಕೈಕಾಲು ಕಟ್ಟಿಸಿಕೊಂಡು ಮಲಗಿದಾಗ, ಪೊದೆಯಲ್ಲಿ ಸಿಕ್ಕಿಕೊಂಡ ಟಗರು ಕಂಡಿತು. ಕಟ್ಟು ಬಿಚ್ಚಿಕೊಂಡು ಎದ್ದ ಇಸಾಕ ತನ್ನ ಹೆಸರಿಗೆ ತಕ್ಕಂತೆ ನಕ್ಕಿರಬೇಕಲ್ಲವೇ ಎಂದು ರಾಟ್ಸಿಂಗರ್‌ರವರ ಧ್ಯಾನ ಸಾಗುತ್ತದೆ. ಬಲಿಯಾಗಬೇಕಿದ್ದ ನಾವು ಬಿಡುಗಡೆಯಾದೆವು, ಕುರಿಮರಿ ನಮ್ಮ ಬದಲು ನಿಂತಿದೆ.

ಅವರ ನಂತರ ಬಂದ ಜಗದ್ಗುರು ಫ್ರಾನ್ಸಿಸ್‌ರವರು 2018ರಲ್ಲಿ ಪಾವಿತ್ರ್ಯದ ಕರೆಯ ಕುರಿತು ಬರೆದ ಪ್ರೇಷಿತ ಉಪದೇಶದಲ್ಲಿ ಸಂತೋಷವನ್ನೂ ಹಾಸ್ಯಪ್ರಜ್ಞೆಯನ್ನೂ ಸಂತರ ಲಕ್ಷಣಗಳಲ್ಲಿ ಸೇರಿಸಿದರು. 2024ರ ಜೂನ್ 14ರಂದು ಲೋಕದ ನಾನಾ ದೇಶಗಳ ನೂರಕ್ಕೂ ಹೆಚ್ಚು ಹಾಸ್ಯಗಾರರನ್ನು ವ್ಯಾಟಿಕನ್ನಿಗೆ ಕರೆಸಿ, ನಾವು ಪ್ರೀತಿಸುವವರೊಡನೆ ತಮಾಷೆ ಮಾಡುವಂತೆ ದೇವರೊಡನೆಯೂ ನಗಬಹುದು, ಆದರೆ ಬಡವರ ವಿಶ್ವಾಸಕ್ಕೆ ನೋವಾಗಬಾರದು ಎಂಬ ಅರ್ಥದ ಮಾತು ಹೇಳಿದರು. ಬಲಿಪೀಠದ ಬಳಿ ಕುಲಾವಿ ತೊಟ್ಟು ನಿಂತಿದ್ದ ಆ ಹೆಸರಿಲ್ಲದ ವಿಶ್ವಾಸಿಯನ್ನು ನಾವು ನೆನೆಸಿಕೊಂಡೆವು. 2025ರ ಏಪ್ರಿಲ್ 20, ಪಾಸ್ಕ ಭಾನುವಾರ, ಸಂತ ಪೇತ್ರರ ಚೌಕದಲ್ಲಿ ನೆರೆದಿದ್ದ ಜನರನ್ನು ಆಶೀರ್ವದಿಸಿ, ಅವರ ನಡುವೆ ವಾಹನದಲ್ಲಿ ಸುತ್ತಿ ಬಂದ ಫ್ರಾನ್ಸಿಸ್‌ರವರು ಮರುದಿನ ಬೆಳಗ್ಗೆ ಪ್ರಭುವಿನಲ್ಲಿ ನಿದ್ರೆಹೋದರು. ಸಂತ ಥಾಮಸ್ ಮೋರ್‌ರ ಹೆಸರಿನಲ್ಲಿ ಪ್ರಚಲಿತವಾಗಿರುವ ಪ್ರಾರ್ಥನೆಯೊಂದನ್ನು ಅವರು ನಲವತ್ತಕ್ಕೂ ಹೆಚ್ಚು ವರ್ಷ ಪ್ರತಿದಿನ ಹೇಳುತ್ತಿದ್ದರು. ಅದು ಹಾಸ್ಯಪ್ರಜ್ಞೆಗಾಗಿ ಬೇಡುವ ಪ್ರಾರ್ಥನೆ. ತಿಂದದ್ದು ಜೀರ್ಣವಾಗಲಿ, ಜೀರ್ಣವಾಗಲು ತಿನ್ನುವುದಕ್ಕೂ ಏನಾದರೂ ಸಿಗಲಿ ಎಂಬ ಬೇಡಿಕೆಯಿಂದ ಅದು ಆರಂಭವಾಗುತ್ತದೆ.